ಬೇಡರ ಕಣ್ಣಪ್ಪನ ಚಿಕಿತ್ಸೆ: ಪುರಾಣದಿಂದ ಚಲಚ್ಚಿತ್ರದವರೆಗೆ

೧. ವಿಷಯಪ್ರವೇಶ

ಕೃಷ್ಣಾ ಭೀಮಾ ನದಿಗಳ ಆಶ್ರಯದಲ್ಲಿ ಹಬ್ಬಿರುವ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯು ಕರ್ಣಾಟಕದ ಇತಿಹಾಸದಲ್ಲಿ ಬೇಡರ ನಾಡೆಂದು ಪ್ರಸಿದ್ಧವಾಗಿದೆ. ಔರಂಗಜೇಬನು ೧೭೦೫ರಲ್ಲಿ ತನ್ನ ಆಯುಷ್ಯದ ಕಡೆಯ ದಂಡಯಾತ್ರೆಯನ್ನು ನಡೆಯಿಸಿದುದು ಈ ಸೀಮೆಯ ವಾಗಣಗೇರಾ ದುರ್ಗದ ಮೇಲೆ. ಮೆಡೋಸ್ ಟೇಲರನು ೧೮೪೧ರಿಂದ ೧೮೫೩ರವರೆಗೆ ಸುರಪುರದಲ್ಲಿದ್ದು, ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ೧೮೫೮ರಲ್ಲಿ ಆ ರಾಜನು ಆಂಗ್ಲರಿಗೆ ಎದುರಾಗಿ ಅಳಿದನು. ೧೮೬೦ರಲ್ಲಿ ಸಂಸ್ಥಾನವು ನಿಜಾಮನ ರಾಜ್ಯಕ್ಕೆ ಸೇರಿತು. ೧೯೫೬ರ ನವೆಂಬರಿನಲ್ಲಿ ಈ ಭೂಭಾಗವು ಕನ್ನಡಿಗರ ಏಕೀಕೃತ ರಾಜ್ಯಕ್ಕೆ ಬಂದಿತು. ೨೦೦೯ರ ಕೊನೆಯಲ್ಲಿ ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾಯಿತು. ಇಷ್ಟು ಸಂಗತಿಗಳು ವಿದ್ವಜ್ಜನರಿಗೆ ವಿದಿತವಾದುವೇ.

ಬೇಡರ ಪರಾಕ್ರಮವನ್ನು ಬಣ್ಣಿಸಿದ ಚರಿತ್ರಕಾರರು ಅವರ ಇನ್ನೊಂದು ವಿದ್ಯೆಯನ್ನು ಅಷ್ಟಾಗಿ ಗಮನಿಸಲಿಲ್ಲ. ಬಾಣದಿಂದ ಗಾಯಮಾಡಬಲ್ಲವನು ಬಾಣದ ಗಾಯವನ್ನು ಮಾಯಿಸಲೂ ಬಲ್ಲವನಾಗಿರಬೇಕು. ಕಾಡಿನಲ್ಲಿ ಹಗಲಿರುಳು ತಿರುಗುವವನಿಗೆ ವೈದ್ಯನು ದೂರ, ಸೊಪ್ಪು ಹತ್ತಿರ. ಈ ಗಾಯದ ವಿದ್ಯೆಯು ಸಾಹಿತ್ಯದಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಕಣ್ಣಪ್ಪನ ಕಥೆಯಲ್ಲಿ. ಶೈವಪುರಾಣಗಳ ಕಣ್ಣಪ್ಪನನ್ನು ಪಂಡಿತರು ಭಕ್ತಿಗೆ ನಿದರ್ಶನವಾಗಿ ಓದುತ್ತ ಬಂದಿದ್ದಾರೆ. ಅದು ಸರಿಯೇ. ಆದರೆ ಅದೇ ಕಥೆಯು ಒಂದು ಚಿಕಿತ್ಸೆಯ ವೃತ್ತಾಂತವೂ ಆಗಿದೆಯೆಂಬುದು ಮರೆತುಹೋಗಿದೆ. ಆ ಚಿಕಿತ್ಸೆಯು ಇಪ್ಪತ್ತನೆಯ ಶತಮಾನದಲ್ಲಿ ಚಲಚ್ಚಿತ್ರವಾಗಿ, ಅನಂತರ ನಿಜವಾದ ವೈದ್ಯದೊಡನೆ ಬೆರೆತ ಬಗೆಯನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶವು.

ಇಲ್ಲಿ ಒಂದು ಎಚ್ಚರಿಕೆ ಆವಶ್ಯಕ. ಕಣ್ಣಪ್ಪನ ಸ್ಥಳವು ಕಾಳಹಸ್ತಿ, ಸುರಪುರವಲ್ಲ. ‘ಬೇಡ’ ಎಂಬ ಶಬ್ದವು ವೃತ್ತಿವಾಚಕವೂ ಹೌದು, ಜಾತಿವಾಚಕವೂ ಹೌದು. ಪುರಾಣದ ಬೇಡನನ್ನು ಇತಿಹಾಸದ ನಾಯಕರ ಪೂರ್ವಜನೆಂದು ಸಾಧಿಸುವುದು ಇಲ್ಲಿಯ ಪ್ರತಿಜ್ಞೆಯಲ್ಲ. ಆದರೆ ವಾಲ್ಮೀಕಿಯನ್ನು ತಮ್ಮ ಕುಲದ ಮೂಲಪುರುಷನೆಂದು ಗೌರವಿಸುವ ಜನವು ಕಣ್ಣಪ್ಪನನ್ನೂ ತಮ್ಮವನೆಂದು ಭಾವಿಸುವುದು ಸಹಜ. ಆದುದರಿಂದ ಈ ಸೀಮೆಯಲ್ಲಿ ನಿಂತು ಆ ಕಥೆಯನ್ನು ನೋಡುವುದು ಅನುಚಿತವಾಗಲಾರದು.

೨. ನೇತ್ರದಾನದ ಪ್ರಾಚೀನ ಕಥೆಗಳು

ಕಣ್ಣನ್ನು ಕೊಟ್ಟವರ ಕಥೆಗಳು ಭಾರತೀಯ ವಾಙ್ಮಯದಲ್ಲಿ ಹಲವಿವೆ. ವಾಲ್ಮೀಕಿರಾಮಾಯಣದ ಅಯೋಧ್ಯಾಕಾಂಡದಲ್ಲಿ ಕೈಕೇಯಿಯು ದಶರಥನನ್ನು ಸತ್ಯಪಾಶದಲ್ಲಿ ಬಿಗಿಯುವಾಗ, ಬೇಡಿದ ಬ್ರಾಹ್ಮಣನಿಗೆ ತನ್ನ ಕಣ್ಣುಗಳನ್ನು ಕಿತ್ತುಕೊಟ್ಟ ಅಲರ್ಕರಾಜನ ಹೆಸರನ್ನು ಎತ್ತುತ್ತಾಳೆ. ಶಿವಮಹಿಮ್ನಃಸ್ತೋತ್ರದಲ್ಲಿ, ಸಾವಿರ ಕಮಲಗಳಲ್ಲಿ ಒಂದು ಕಡಮೆಯಾದಾಗ ವಿಷ್ಣುವು ತನ್ನ ನೇತ್ರವನ್ನೇ ಕಮಲವಾಗಿ ಅರ್ಪಿಸಿದ ಪ್ರಸಂಗವಿದೆ. ಇವೆರಡರಲ್ಲಿಯೂ ವೈದ್ಯದ ಸುಳಿವಿಲ್ಲ. ಅಲರ್ಕನದು ಸತ್ಯಪಾಲನೆ, ವಿಷ್ಣುವಿನದು ಪೂಜಾಪೂರ್ತಿ. ಕಣ್ಣು ಅಲ್ಲಿ ದಾನವಸ್ತು ಅಥವಾ ಪೂಜಾದ್ರವ್ಯ, ಔಷಧವಲ್ಲ.

ಬೌದ್ಧರ ಶಿಬಿಜಾತಕವು ಇವಕ್ಕಿಂತ ಭಿನ್ನವಾದುದು. ಪಾಲಿ ಜಾತಕಸಂಗ್ರಹದಲ್ಲಿ ೪೯೯ನೆಯದಾದ ಆ ಕಥೆಯಲ್ಲಿ ಕುರುಡ ಬ್ರಾಹ್ಮಣನ ವೇಷದಿಂದ ಬಂದ ಶಕ್ರನಿಗೆ ಶಿಬಿರಾಜನು ಎರಡು ಕಣ್ಣುಗಳನ್ನೂ ಕೊಡುತ್ತಾನೆ. ಆದರೆ ಅವುಗಳನ್ನು ತಾನೇ ಕೀಳುವುದಿಲ್ಲ. ಸೀವಕನೆಂಬ ರಾಜವೈದ್ಯನನ್ನು ಕರೆಯಿಸುತ್ತಾನೆ. ವೈದ್ಯನು ಶಸ್ತ್ರವನ್ನು ಕೂಡಲೆ ಹಿಡಿಯದೆ, ಮೂಲಿಕೆಗಳನ್ನು ಅರೆದು ಚೂರ್ಣಮಾಡಿ ನೀಲೋತ್ಪಲಕ್ಕೆ ಸವರಿ, ಆ ಹೂವಿನಿಂದ ರಾಜನ ಬಲಗಣ್ಣನ್ನು ಒರಸುತ್ತಾನೆ. ಪ್ರತಿಸಲವೂ ಚೂರ್ಣವು ತೀಕ್ಷ್ಣವಾಗುತ್ತ ಕಣ್ಣು ತನ್ನ ನೆಲೆಯಿಂದ ಸಡಿಲುತ್ತದೆ. ಪ್ರತಿಸಲವೂ ವೈದ್ಯನು, ಇನ್ನೂ ಯೋಚಿಸಬಹುದು, ಈಗಲೂ ಮೊದಲಿನಂತೆ ಮಾಡಿಕೊಡಬಲ್ಲೆನೆಂದು ರಾಜನನ್ನು ಎಚ್ಚರಿಸುತ್ತಾನೆ. ರಾಜನು ಒಪ್ಪದಿರಲು ಕಡೆಗೆ ಕಣ್ಣನ್ನು ಹಿಡಿದಿದ್ದ ಸ್ನಾಯುವನ್ನು ಕತ್ತರಿಸುತ್ತಾನೆ. ಬ್ರಾಹ್ಮಣನು ಅದನ್ನು ತನ್ನ ಕಣ್ಣಕುಳಿಯಲ್ಲಿಟ್ಟುಕೊಳ್ಳಲು ಅದು ಅಲ್ಲಿ ನೆಲೆನಿಲ್ಲುತ್ತದೆ.

ಈ ಕಥನದಲ್ಲಿ ಮೂರು ಅಂಶಗಳು ವಿಚಾರಾರ್ಹವಾಗಿವೆ. ದಾತೃವಿಗೂ ಗ್ರಹೀತೃವಿಗೂ ನಡುವೆ ವೈದ್ಯನಿದ್ದಾನೆ. ದಾತೃವಿನ ಸಮ್ಮತಿಯನ್ನು ಮೇಲಿಂದ ಮೇಲೆ ಕೇಳಲಾಗಿದೆ. ಒಬ್ಬರ ಅಂಗವು ಇನ್ನೊಬ್ಬರ ದೇಹದಲ್ಲಿ ಬದುಕಬಹುದೆಂಬ ಕಲ್ಪನೆಯಿದೆ. ಇಂದಿನ ವೈದ್ಯಧರ್ಮವು ವಿಧಿಸುವ ನಿಯಮಗಳ ಬೀಜವು ಇಲ್ಲಿ ಅಷ್ಟಿಷ್ಟು ಕಾಣುವುದೆಂದರೆ ಅತ್ಯುಕ್ತಿಯಲ್ಲ.

ಜಾತಕಕಥೆಗಳು ಈ ಸೀಮೆಗೆ ಅಪರಿಚಿತವಾಗಿರಲಿಲ್ಲ. ಶಹಾಪುರದ ನೆರೆಯಲ್ಲಿ, ಭೀಮಾತೀರದ ಸನ್ನತಿಗೆ ಹೊಂದಿದ ಕನಗನಹಳ್ಳಿಯಲ್ಲಿ, ೧೯೯೦ರ ದಶಕದಲ್ಲಿ ನಡೆದ ಭೂಶೋಧನೆಯಿಂದ ದೊಡ್ಡದೊಂದು ಬೌದ್ಧಸ್ತೂಪವು ಹೊರಬಿದ್ದಿತು. ಅಶೋಕನ ಹೆಸರನ್ನು ಕೊರೆದ ರಾಜಶಿಲ್ಪವು ದೊರೆತುದರಿಂದ ಆ ಸ್ಥಳವು ಲೋಕಪ್ರಸಿದ್ಧವಾಯಿತು. ಅದೇ ಸ್ತೂಪದ ಸುಣ್ಣಕಲ್ಲಿನ ಹಲಗೆಗಳಲ್ಲಿ ಜಾತಕದೃಶ್ಯಗಳೂ ಅವುಗಳ ಹೆಸರನ್ನು ಹೇಳುವ ಬ್ರಾಹ್ಮೀಬರಹಗಳೂ ಇವೆ. ಬೋಧಿಸತ್ತ್ವನ ದೇಹತ್ಯಾಗದ ಕಥೆಗಳು ಈ ನದೀತೀರದಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಕೇಳಿಬರುತ್ತಿದ್ದುವೆಂದು ಇದರಿಂದ ತಿಳಿಯುವುದು.

೩. ಕಣ್ಣಪ್ಪನು ಮಾಡಿದ ಚಿಕಿತ್ಸೆ

ಕಣ್ಣಪ್ಪನ ಕಥೆಯು ತಮಿಳಿನ ಶೇಕ್ಕಿಳಾರನ ಪೆರಿಯಪುರಾಣದಲ್ಲಿಯೂ, ತೆಲುಗಿನ ಪಾಲ್ಕುರಿಕೆ ಸೋಮನಾಥನ ಬಸವಪುರಾಣದಲ್ಲಿಯೂ, ಕನ್ನಡದಲ್ಲಿ ಹರಿಹರನ ರಗಳೆಯಲ್ಲಿಯೂ ಬಂದಿದೆ. ಸೋಮನಾಥನ ಕೃತಿಯನ್ನು ಅನುಸರಿಸಿ ಭೀಮಕವಿಯು ೧೩೬೯ರಲ್ಲಿ ಕನ್ನಡ ಬಸವಪುರಾಣವನ್ನು ರಚಿಸಿದನು. ಶಂಕರರದೆಂದು ಪ್ರಸಿದ್ಧವಾದ ಶಿವಾನಂದಲಹರಿಯೂ ಮಾಂಸವನ್ನು ನಿವೇದಿಸಿದ ವನಚರನೊಬ್ಬನನ್ನು ಭಕ್ತಶಿರೋಮಣಿಯೆಂದು ಕೊಂಡಾಡುತ್ತದೆ. ಇವುಗಳಲ್ಲಿ ಚಿಕಿತ್ಸಾಕ್ರಮವು ವಿಸ್ತಾರವಾಗಿ ತೋರುವುದು ಹನ್ನೆರಡನೆಯ ಶತಮಾನದ ಪೆರಿಯಪುರಾಣದಲ್ಲಿ.

ಅಲ್ಲಿಯ ಕಥೆಯ ಕ್ರಮವು ಹೀಗಿದೆ. ಆರನೆಯ ದಿನ ಬೇಡನು ಬೇಟೆಯ ಮಾಂಸದೊಡನೆ ಗುಡಿಗೆ ಬರುವಾಗ ಲಿಂಗದ ಒಂದು ಕಣ್ಣಿನಿಂದ ನೆತ್ತರು ಸುರಿಯುತ್ತಿದೆ. ಮೊದಲು ಅವನಿಗೆ ತೋರುವುದು ಯಾರೋ ಗಾಯಮಾಡಿದ್ದಾರೆಂಬ ಶಂಕೆ. ಬಿಲ್ಲನ್ನೆತ್ತಿ ಸುತ್ತ ಹುಡುಕುತ್ತಾನೆ. ಶತ್ರುವು ಸಿಕ್ಕುವುದಿಲ್ಲ. ಎರಡನೆಯದಾಗಿ ಔಷಧದ ನೆನಪು. ಬಾಣದ ಗಾಯಕ್ಕೆ ಬೇಡರು ಬಳಸುವ ಹಸಿಯ ಮೂಲಿಕೆಗಳನ್ನು ಬೆಟ್ಟದ ತಪ್ಪಲಿನಿಂದ ತಂದು, ಹಿಂಡಿ, ರಸವನ್ನು ಆ ಕಣ್ಣಿಗೆ ಬಿಡುತ್ತಾನೆ. ನೆತ್ತರು ನಿಲ್ಲುವುದಿಲ್ಲ. ಮೂರನೆಯದಾಗಿ, ಮಾಂಸದ ಕೊರತೆಗೆ ಮಾಂಸವೇ ಮದ್ದೆಂಬ ಹಿರಿಯರ ಮಾತು ನೆನಪಾಗುತ್ತದೆ. ಬಾಣದಿಂದ ತನ್ನ ಕಣ್ಣನ್ನು ಬಗೆದು ಲಿಂಗದ ಕಣ್ಣಿನ ಮೇಲಿಡುತ್ತಾನೆ. ನೆತ್ತರು ನಿಲ್ಲುತ್ತದೆ, ಬೇಡನು ಹರ್ಷದಿಂದ ಕುಣಿಯುತ್ತಾನೆ. ಇನ್ನೊಂದು ಕಣ್ಣಿನಿಂದಲೂ ನೆತ್ತರು ಚಿಮ್ಮಲು, ಮದ್ದು ತಿಳಿದಿದೆಯಲ್ಲಾ, ಇನ್ನು ಭಯವೇಕೆಂದುಕೊಳ್ಳುತ್ತಾನೆ. ಎರಡನೆಯ ಕಣ್ಣನ್ನೂ ಕಿತ್ತರೆ ಇಡುವ ಸ್ಥಳವು ಕಾಣದಾದೀತೆಂದು ಕಾಲ ಹೆಬ್ಬೆರಳನ್ನು ಅಲ್ಲಿ ಊರಿ ಗುರುತುಮಾಡಿಕೊಳ್ಳುತ್ತಾನೆ. ಆಗ ಶಿವನು ಅವನ ಕೈಯನ್ನು ಹಿಡಿಯುತ್ತಾನೆ.

ಈ ಕ್ರಮವನ್ನು ಆಯುರ್ವೇದದೊಡನೆ ಹೋಲಿಸಿದರೆ ಸ್ವಾರಸ್ಯವು ತಿಳಿಯುವುದು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ರಕ್ತಸ್ರಾವವನ್ನು ತಡೆಯುವ ಉಪಾಯಗಳು ನಾಲ್ಕೆಂದಿದೆ: ಸಂಧಾನ, ಸ್ಕಂದನ, ಪಾಚನ, ದಹನ. ಒಗರಾದ ಕಷಾಯದ್ರವ್ಯಗಳಿಂದ ಗಾಯದ ಬಾಯಿ ಕೂಡುವುದು ಸಂಧಾನ, ಶೈತ್ಯದಿಂದ ರಕ್ತವು ಹೆಪ್ಪುಗಟ್ಟುವುದು ಸ್ಕಂದನ, ಭಸ್ಮದಿಂದ ಪಾಚನ, ಕಾಯಿಸಿದ ಶಲಾಕೆಯಿಂದ ಸಿರೆಗಳನ್ನು ಸುಡುವುದು ದಹನ. ಒಂದು ಫಲಿಸದಿದ್ದರೆ ಮುಂದಣದು. ಬೇಡನ ಸೊಪ್ಪಿನ ರಸವು ಸಂಧಾನವರ್ಗಕ್ಕೆ ಸೇರತಕ್ಕುದು. ಅದು ವಿಫಲವಾದಾಗ ಬೇಡನು ಶಾಸ್ತ್ರದಲ್ಲಿಲ್ಲದ ಐದನೆಯ ಉಪಾಯಕ್ಕೆ ಕೈಹಾಕಿದನು. ಆ ಐದನೆಯದಕ್ಕೂ ಶಾಸ್ತ್ರದ ನೆರಳು ಇಲ್ಲದೆ ಇಲ್ಲ. ಸಮಾನದಿಂದ ಸಮಾನವು ವೃದ್ಧಿಯಾಗುವುದು, ಮಾಂಸವು ಮಾಂಸದಿಂದ ಬೆಳೆಯುವುದು ಎಂಬುದು ಚರಕನ ಸಿದ್ಧಾಂತವು. ಚರಕನು ಆಹಾರವಾಗಿ ಹೇಳಿದುದನ್ನು ಬೇಡನು ಅಂಗವಾಗಿ ತಿಳಿದನು, ಇಷ್ಟೇ ಭೇದ.

ಶಿಬಿಜಾತಕದ ವೈದ್ಯನು ಇಲ್ಲಿಲ್ಲ. ದಾತೃವೇ ವೈದ್ಯ, ಬಾಣವೇ ಶಸ್ತ್ರ. ಗುಡಿಯ ಅರ್ಚಕನು ಮರೆಯಲ್ಲಿ ನಿಂತು ಎಲ್ಲವನ್ನೂ ಕಾಣುತ್ತಾನೆ. ಆಗಮವನ್ನು ಬಲ್ಲ ಅವನಿಗೆ ಮಾಡುವ ಕೆಲಸವು ಏನೂ ತೋರುವುದಿಲ್ಲ. ಓದಿದವನು ನೋಡುತ್ತ ನಿಂತನು, ಓದದವನು ಚಿಕಿತ್ಸೆಮಾಡಿದನು. ಕವಿಯ ಅಭಿಪ್ರಾಯವು ಇಲ್ಲಿ ಗೂಢವಾಗಿಲ್ಲ.

೪. ಒಬ್ಬರ ಮಾಂಸವು ಇನ್ನೊಬ್ಬರಿಗೆ ಮದ್ದೇ?

ಮಾಂಸವು ಔಷಧವಾಗಬಹುದೇ ಎಂಬ ಪ್ರಶ್ನೆಯು ಈ ಸೀಮೆಯ ನೆರೆಯಲ್ಲಿಯೇ ಒಮ್ಮೆ ರಾಜಸಭೆಯಲ್ಲಿ ಚರ್ಚಿತವಾಯಿತು. ಯಾದಗಿರಿಯ ಉತ್ತರದಲ್ಲಿ ಕಾಗಿಣಾ ತೀರದಲ್ಲಿರುವ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವಷ್ಟೆ. ಕಲ್ಯಾಣಕಾರಕವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ಬರೆದ ಜೈನಮುನಿ ಉಗ್ರಾದಿತ್ಯನು, ವೈದ್ಯರು ನೆರೆದಿದ್ದ ನೃಪತುಂಗನ ಸಭೆಯಲ್ಲಿ ಮಾಂಸವು ಔಷಧವಾಗಿಯೂ ಅಗ್ರಾಹ್ಯವೆಂದು ವಾದಿಸಿದನು. ಆ ವಾದವು ಹಿತಾಹಿತಾಧ್ಯಾಯವೆಂಬ ಹೆಸರಿನಿಂದ ಗ್ರಂಥದ ಕೊನೆಯಲ್ಲಿ ಸೇರಿದೆ. ಪ್ರಾಣಿಹಿಂಸೆಯಿಂದ ಬಂದುದು ಮದ್ದಾಗಲಾರದೆಂಬುದು ಅವನ ಮತವು. ಕಣ್ಣಪ್ಪನ ಕಥೆಯು ಈ ಮತಕ್ಕೆ ಮೇಲ್ನೋಟಕ್ಕೆ ವಿರೋಧಿ. ಆದರೆ ಬೇಡನು ಮೃಗಮಾಂಸವನ್ನು ನೈವೇದ್ಯಕ್ಕೆ ಬಳಸಿದನೇ ಹೊರತು ಗಾಯಕ್ಕಲ್ಲ. ಗಾಯಕ್ಕೆ ಬಳಸಿದುದು ತನ್ನ ಮಾಂಸವನ್ನು. ಪರಹಿಂಸೆಯಿಂದ ಬಂದ ಮದ್ದಿಗೂ ಆತ್ಮಾರ್ಪಣದಿಂದ ಬಂದ ಮದ್ದಿಗೂ ಅಂತರವಿದೆ. ಅಂಗದಾನದ ಧರ್ಮಾಧರ್ಮವಿಚಾರವು ಇಂದಿಗೂ ಈ ಅಂತರವನ್ನೇ ಹಿಡಿದು ನಿಂತಿದೆ: ಕೊಂಡುಕೊಂಡ ಅಂಗವು ಅಪರಾಧ, ಕೊಟ್ಟ ಅಂಗವು ದಾನ.

ತನ್ನ ದೇಹದ ಮಾಂಸವನ್ನು ತನಗೇ ಜೋಡಿಸಿಕೊಳ್ಳುವ ವಿದ್ಯೆಯು ಭಾರತದಲ್ಲಿ ಪ್ರಾಚೀನವಾದುದು. ಸುಶ್ರುತನು ಕತ್ತರಿಸಿಹೋದ ಮೂಗಿಗೆ ಕೆನ್ನೆಯ ಚರ್ಮವನ್ನು ಹೊಂದಿಸುವ ವಿಧಾನವನ್ನು ಹೇಳಿದ್ದಾನೆ. ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಗೆ ಸಿಕ್ಕಿ ಮೂಗನ್ನು ಕಳೆದುಕೊಂಡ ಕೌಸಾಜಿಯೆಂಬ ಎತ್ತಿನ ಗಾಡಿಯವನಿಗೆ ಪುಣೆಯ ಪ್ರಾಂತದ ನಾಟಿವೈದ್ಯನೊಬ್ಬನು ಹಣೆಯ ಚರ್ಮದಿಂದ ಹೊಸ ಮೂಗನ್ನು ಕಟ್ಟಿದನು. ಆ ವೃತ್ತಾಂತವು ೧೭೯೪ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರಸಹಿತ ಪ್ರಕಟವಾಗಿ ಯೂರೋಪಿನ ಶಸ್ತ್ರವೈದ್ಯರಿಗೆ ಮಾರ್ಗದರ್ಶಕವಾಯಿತು. ಆದರೆ ಒಬ್ಬರ ಅಂಗವು ಇನ್ನೊಬ್ಬರಲ್ಲಿ ನಿಲ್ಲುವುದು ಕಥೆಯಲ್ಲಿ ಮಾತ್ರ ಉಳಿದಿತ್ತು.

ಕಣ್ಣಿನ ವಿಷಯದಲ್ಲಿ ಅದು ನಿಜವಾದುದು ೧೯೦೫ರ ಡಿಸೆಂಬರ್ ೭ರಂದು. ಮೊರಾವಿಯದ ಓಲೊಮೌಟ್ಸ್ ಎಂಬ ಊರಿನಲ್ಲಿ ಎಡ್ವರ್ಡ್ ಜಿರ್ಮ್ ಎಂಬ ವೈದ್ಯನು, ಸುಣ್ಣ ಬಿದ್ದು ಕುರುಡನಾಗಿದ್ದ ಕೂಲಿಗಾರನ ಕಣ್ಣಿಗೆ, ಪೆಟ್ಟುಬಿದ್ದು ತೆಗೆಯಬೇಕಾಗಿದ್ದ ಬಾಲಕನೊಬ್ಬನ ಕಣ್ಣಿನ ಪಾರದರ್ಶಕ ಪಟಲವನ್ನು ಹೊಂದಿಸಿದನು, ಅದು ನಿಂತಿತು. ೧೯೩೦ರ ದಶಕದಲ್ಲಿ ಒಡೆಸ್ಸಾದ ಫಿಲಟೋವನು ಮೃತರ ಕಣ್ಣಿನ ಪಟಲವೂ ಇದಕ್ಕೆ ಒದಗುವುದೆಂದು ತೋರಿಸಿಕೊಟ್ಟನು. ೧೯೪೪ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ನೇತ್ರಭಂಡಾರವು ಸ್ಥಾಪಿತವಾಯಿತು. ಮರುವರ್ಷವೇ ಭಾರತದ ಮೊದಲನೆಯದು ಮದರಾಸಿನ ಕಣ್ಣಾಸ್ಪತ್ರೆಯಲ್ಲಿ ಆರಂಭವಾಯಿತು.

ಇಲ್ಲಿ ಪಟಲವೆಂದರೆ ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತಿರುವ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಭಾಗ. ಕಾರ್ನಿಯಾ ಎಂದು ವೈದ್ಯರು ಕರೆಯುವುದು ಇದನ್ನೇ. ಇದರಲ್ಲಿ ರಕ್ತನಾಳಗಳಿಲ್ಲ, ಆದುದರಿಂದ ಪರದೇಹವು ಇದನ್ನು ಬೇಗ ತಿರಸ್ಕರಿಸುವುದಿಲ್ಲ. ಗಾಯ, ಹುಣ್ಣು, ಪೋಷಣೆಯ ಕೊರತೆಗಳಿಂದ ಇದು ಬೆಳ್ಳಗಾದರೆ ಬೆಳಕು ಒಳಗೆ ಹೋಗದು. ಕನ್ನಡಿಗರು ಇದನ್ನು ಕಣ್ಣಿನಲ್ಲಿ ಹೂ ಬಿದ್ದಿತೆನ್ನುತ್ತಾರೆ. ಹೂಗಣ್ಣೆಂಬ ಮಾತು ಇದರಿಂದಲೇ ಬಂದುದು. ಸುಶ್ರುತನು ಉತ್ತರತಂತ್ರದಲ್ಲಿ ಎಪ್ಪತ್ತಾರು ನೇತ್ರರೋಗಗಳನ್ನು ಎಣಿಸುವಾಗ ಕೃಷ್ಣಮಂಡಲದ ರೋಗಗಳನ್ನು ನಾಲ್ಕೆಂದು ಹೇಳಿ, ಅವುಗಳಲ್ಲಿ ಸವ್ರಣಶುಕ್ರ, ಅವ್ರಣಶುಕ್ರಗಳೆಂಬ ಬಿಳಿಯ ಕಲೆಗಳನ್ನು ವಿವರಿಸಿದ್ದಾನೆ. ಮೋತಿಬಿಂದು ಬೇರೆ, ಹೂ ಬೇರೆ. ಮೋತಿಬಿಂದುವಿನಲ್ಲಿ ಮಂಜಾದ ಒಳಮಣಿಯನ್ನು ತೆಗೆದರೆ ದೃಷ್ಟಿಯು ಬರುವುದು. ಅದಕ್ಕೆ ಪರರ ಕಣ್ಣು ಬೇಡ. ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು (೧೯೧೬-೨೦೦೫) ಊರೂರಿಗೆ ಹೋಗಿ ಶಿಬಿರಗಳಲ್ಲಿ ನೀಗಿಸಿದುದು ಮುಖ್ಯವಾಗಿ ಈ ಮೋತಿಬಿಂದುವಿನ ಅಂಧತ್ವವನ್ನು. ಹೂಗಣ್ಣು ಪೂರ್ಣವಾಗಿ ಬಲಿತಿದ್ದರೆ ಇನ್ನೊಬ್ಬರು ಕೊಡದೆ ಗತ್ಯಂತರವಿಲ್ಲ.

೫. ಚಲಚ್ಚಿತ್ರದ ಕಣ್ಣಪ್ಪ

ಕನ್ನಡದ ಮೊದಲ ವಾಕ್ಚಿತ್ರವಾದ ಸತೀಸುಲೋಚನವು ೧೯೩೪ರಲ್ಲಿ ಹೊರಬಂದಿತು. ಅದಾದ ಇಪ್ಪತ್ತು ವರ್ಷಗಳಿಗೆ, ೧೯೫೪ರಲ್ಲಿ, ಗುಬ್ಬಿ ವೀರಣ್ಣನವರ ಸಂಸ್ಥೆಯ ಸಂಬಂಧದಿಂದ ಬೇಡರ ಕಣ್ಣಪ್ಪವು ತೆರೆಗೆ ಬಂದಿತು. ನಿರ್ದೇಶಕರು ಎಚ್. ಎಲ್. ಎನ್. ಸಿಂಹ. ಗುಬ್ಬಿ ಕಂಪನಿಯ ರಂಗದಲ್ಲಿ ಬೆಳೆದಿದ್ದ ಮುತ್ತುರಾಜರು ರಾಜಕುಮಾರರೆಂಬ ಹೊಸ ಹೆಸರಿನಿಂದ ಕಣ್ಣಪ್ಪನಾದರು. ಚಿತ್ರವು ತಯಾರಾದುದು ಮದರಾಸಿನಲ್ಲಿ. ದೇಶದ ಮೊದಲ ನೇತ್ರಭಂಡಾರವು ಆಗ ಅದೇ ನಗರದಲ್ಲಿ ಒಂಬತ್ತು ವರ್ಷದ ಕೂಸಾಗಿತ್ತು. ಕಣ್ಣು ಕೊಡುವ ಪುರಾಣವೂ ಕಣ್ಣು ಕೊಡಿಸುವ ಶಾಸ್ತ್ರವೂ ಒಂದೇ ಊರಿನಲ್ಲಿದ್ದು ಪರಸ್ಪರ ಅರಿಯದೆ ಇದ್ದುವು.

ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳು ಆಗಿನ್ನೂ ಕನ್ನಡ ರಾಜ್ಯವನ್ನು ಸೇರಿರಲಿಲ್ಲ. ಯಾದಗಿರಿಯು ಮುಂಬಯಿ-ಮದರಾಸುಗಳ ರೈಲುಹಾದಿಯ ಮೇಲಿದ್ದಿತು. ಸುರಪುರ ಶಹಾಪುರಗಳು ಹಾದಿಯಿಂದ ದೂರ. ರಾಜ್ಯದ ಗಡಿಯು ಅಳಿಯುವ ಎರಡು ವರ್ಷ ಮೊದಲೇ ಬೇಡನೊಬ್ಬನು ಕಥಾನಾಯಕನಾಗಿ ಕನ್ನಡದಲ್ಲಿ ಮಾತಾಡಿದನೆಂಬುದು ಈ ಸೀಮೆಯ ದೃಷ್ಟಿಯಿಂದ ಅಲ್ಪವಾದ ಸಂಗತಿಯಲ್ಲ.

ಚಲಚ್ಚಿತ್ರವು ಕಥೆಯನ್ನು ಸಂಗ್ರಹಿಸುತ್ತದೆ. ಸಂಗ್ರಹಿಸುವಾಗ ಕ್ರಮಕ್ಕಿಂತ ಫಲವು ಮುಂದಾಗುತ್ತದೆ. ಪೆರಿಯಪುರಾಣದ ನಾಲ್ಕು ಹಂತಗಳಲ್ಲಿ, ಎಂದರೆ ಶಂಕೆ, ಸೊಪ್ಪು, ನೆನಪು, ಕಣ್ಣು ಎಂಬುವುಗಳಲ್ಲಿ, ಪ್ರೇಕ್ಷಕರ ಸ್ಮೃತಿಯಲ್ಲಿ ನೆಲಸಿದುದು ಕಡೆಯದೊಂದೇ. ಸೊಪ್ಪನ್ನು ಹುಡುಕಿ ಸೋತ ಬೇಡನನ್ನು ಜನರು ಬಲ್ಲವರಲ್ಲ. ಕಣ್ಣನ್ನು ಕಿತ್ತಿಟ್ಟ ಬೇಡನನ್ನು ಎಲ್ಲರೂ ಬಲ್ಲರು. ಇದು ಈ ಒಂದು ಚಿತ್ರದ ದೋಷವಲ್ಲ. ಚಿಕಿತ್ಸೆಯನ್ನು ತೋರುವ ಚಿತ್ರಗಳ ಸಾಮಾನ್ಯ ಸ್ವಭಾವ. ತಿಂಗಳುಗಟ್ಟಲೆ ನಡೆಯುವ ಉಪಚಾರವು ಪರದೆಯ ಮೇಲೆ ಒಂದು ಬಟ್ಟೆಯ ಕಟ್ಟನ್ನು ಬಿಚ್ಚುವ ಗಳಿಗೆಯಾಗುತ್ತದೆ; ಬಿಚ್ಚಿದೊಡನೆ ಲೋಕವೆಲ್ಲ ಕಾಣುತ್ತದೆ.

ಇದಕ್ಕೆ ಅಪವಾದಗಳೂ ಉಂಟು. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು ತೆಗೆದ ಶರಪಂಜರದಲ್ಲಿ ಬಾಣಂತಿತನದ ಬಳಿಕ ಚಿತ್ತಭ್ರಮೆಗೊಂಡ ಗೃಹಿಣಿಯು ಆಸ್ಪತ್ರೆಯಲ್ಲಿ ಗುಣಹೊಂದುತ್ತಾಳೆ. ಆದರೆ ಕಥೆಯು ಅಲ್ಲಿಗೆ ಮುಗಿಯುವುದಿಲ್ಲ, ಅಲ್ಲಿಂದಲೇ ಆರಂಭವಾಗುತ್ತದೆ. ವೈದ್ಯನು ವಾಸಿಮಾಡಿದವಳನ್ನು ಮನೆಯು ವಾಸಿಯಾದವಳೆಂದು ಒಪ್ಪ ಬೇಕಲ್ಲ! ರೋಗಕ್ಕೆ ಮದ್ದಿದ್ದರೂ ಜನರ ಭಾವನೆಗೆ ಮದ್ದು ಬೇರೆಯೇ ಬೇಕೆಂಬುದನ್ನು ಆ ಚಿತ್ರವು ತೋರಿಸಿಕೊಟ್ಟಿತು. ಕಣ್ಣಪ್ಪನ ಚಿತ್ರದ ಉತ್ತರಕಥೆಗೂ ಈ ಮಾತು ಅನ್ವಯಿಸುವುದು.

೧೯೮೮ರಲ್ಲಿ ಶಿವ ಮೆಚ್ಚಿದ ಕಣ್ಣಪ್ಪವೆಂಬ ಹೆಸರಿನಿಂದ ಅದೇ ಕಥೆಯು ಮತ್ತೆ ಚಿತ್ರವಾಯಿತು. ಈ ಸಲ ರಾಜಕುಮಾರರು ಶಿವನಾದರು. ಹಿರಿಯ ಮಗ ಶಿವರಾಜಕುಮಾರರು ಕಣ್ಣಪ್ಪನಾದರು. ಕಿರಿಯ ಮಗ ಪುನೀತರು ಬಾಲಕಣ್ಣಪ್ಪನಾದರು. ಮೂವತ್ತನಾಲ್ಕು ವರ್ಷ ಹಿಂದೆ ಕಣ್ಣನ್ನು ಕೊಟ್ಟವನೇ ಈಗ ಕಣ್ಣನ್ನು ಪಡೆವ ದೇವನಾದುದನ್ನು ಪ್ರೇಕ್ಷಕರು ಕಂಡರು.

೬. ಪಾತ್ರದಿಂದ ದಾನಕ್ಕೆ

೧೯೯೪ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ರಾಜಕುಮಾರ್ ನೇತ್ರಭಂಡಾರವು ಸ್ಥಾಪಿತವಾಯಿತು. ಆ ಸಂದರ್ಭದಲ್ಲಿ ರಾಜಕುಮಾರರು ತಮ್ಮ ಮತ್ತು ತಮ್ಮ ಕುಟುಂಬದ ನೇತ್ರಗಳನ್ನು ಮರಣಾನಂತರ ಕೊಡುವುದಾಗಿ ಸಂಕಲ್ಪಿಸಿದರು. ಅದೇ ವರ್ಷ ದೇಶದಲ್ಲಿ ಮಾನವಾಂಗಗಳ ಕಸಿಯನ್ನು ಕುರಿತ ಕಾನೂನು ಬಂದಿತು. ೨೦೦೬ರ ಏಪ್ರಿಲ್ ೧೨ರಂದು ಅವರು ಕಾಲವಾದಾಗ ಸಂಕಲ್ಪವು ನೆರವೇರಿತು. ೨೦೧೭ರ ಮೇ ೩೧ರಂದು ತೀರಿಕೊಂಡ ಪಾರ್ವತಮ್ಮನವರ ಕಣ್ಣುಗಳೂ ದಾನವಾದುವು. ೨೦೨೧ರ ಅಕ್ಟೋಬರ್ ೨೯ರಂದು ಪುನೀತರು ನಾಲ್ವತ್ತಾರನೆಯ ವಯಸ್ಸಿನಲ್ಲಿ ಹಠಾತ್ತಾಗಿ ಅಗಲಿದರು. ಅವರ ಕಣ್ಣುಗಳೂ ಅದೇ ಭಂಡಾರವನ್ನು ಸೇರಿದುವು.

ಪುನೀತರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿಯು ಬಂದಿತು. ನಾರಾಯಣ ನೇತ್ರಾಲಯದ ಸ್ಥಾಪಕರಾದ ಡಾಕ್ಟರ್ ಭುಜಂಗ ಶೆಟ್ಟರು (೨೦೨೩ರಲ್ಲಿ ದಿವಂಗತರಾದರು) ಇದನ್ನು ಲೋಕಕ್ಕೆ ವಿವರಿಸಿದರು. ಪಟಲವು ಪದರುಪದರಾಗಿದೆ. ಕೆಲವರಿಗೆ ಮುಂದಿನ ಪದರು ಕೆಟ್ಟಿರುತ್ತದೆ, ಕೆಲವರಿಗೆ ಹಿಂದಿನದು. ಒಂದೊಂದು ಪಟಲವನ್ನೂ ಮುಂದಣ ಹಿಂದಣ ಭಾಗಗಳಾಗಿ ಸೀಳಿ, ಯಾರಿಗೆ ಯಾವುದು ಬೇಕೋ ಅದನ್ನು ಹೊಂದಿಸಿದರು. ಆಮೇಲೆ ರಾಜ್ಯದಲ್ಲಿ ನೇತ್ರದಾನದ ಸಂಕಲ್ಪ ಮಾಡುವವರ ಸಂಖ್ಯೆಯು ಹಿಂದೆಂದೂ ಕಾಣದಷ್ಟು ಏರಿತು.

ಕಣ್ಣಪ್ಪನ ಪಾತ್ರವನ್ನು ವಹಿಸಿದುದೇ ದಾನಕ್ಕೆ ಕಾರಣವೆಂದು ಹೇಳುವುದು ಅವಿವೇಕವಾದೀತು. ಪಾತ್ರಕ್ಕೂ ಸಂಕಲ್ಪಕ್ಕೂ ನಡುವೆ ನಾಲ್ವತ್ತು ವರ್ಷಗಳಿವೆ. ಕಣ್ಣಪ್ಪನಾಗದವರೂ ಕಣ್ಣನ್ನು ಕೊಟ್ಟಿದ್ದಾರೆ. ಆದರೆ ಜನರು ಈ ಎರಡನ್ನೂ ಜೋಡಿಸಿ ನೋಡಿದರೆಂಬುದು ನಿಸ್ಸಂದೇಹ. ಪ್ರತಿಯೊಂದು ಹೊಸ ಚಿಕಿತ್ಸೆಗೂ ಜನರ ಮನಸ್ಸಿನಲ್ಲಿ ಒಂದು ಪೂರ್ವಕಥೆಯು ಬೇಕು. ಕನ್ನಡಿಗರಿಗೆ ಅದು ಸಿದ್ಧವಾಗಿಯೇ ಇದ್ದಿತು. ಕಣ್ಣಿಲ್ಲದೆ ಹೋದರೆ ಮುಂದಿನ ಜನ್ಮದಲ್ಲಿ ಕುರುಡಾಗುವೆವೆಂದು ಹೆದರುವವರಿಗೆ, ಕಣ್ಣು ಕೊಟ್ಟವನು ಶಿವನ ಬಲಗಡೆ ನಿಂತನೆಂಬ ಕಥೆಗಿಂತ ಮೇಲಾದ ಸಮಾಧಾನವನ್ನು ಯಾವ ವೈದ್ಯನೂ ಹೇಳಲಾರನು.

೭. ಚಿತ್ರದಿಂದ ಹುಟ್ಟುವ ಭ್ರಮೆಗಳು

ಉಪಕಾರವನ್ನು ಮಾಡಿದ ಪ್ರತಿಮೆಯೇ ಮೂರು ಭ್ರಮೆಗಳಿಗೂ ಎಡೆಗೊಟ್ಟಿತು. ಅವುಗಳನ್ನು ಮುಚ್ಚಿಡುವುದು ಯುಕ್ತವಲ್ಲ.

ಮೊದಲನೆಯದು, ಇಡೀ ಕಣ್ಣನ್ನೇ ಕಿತ್ತು ಕೂಡಿಸುತ್ತಾರೆಂಬ ಭ್ರಮೆ. ಹೊಂದಿಸುವುದು ಪಟಲವನ್ನು ಮಾತ್ರ. ಕಣ್ಣಿನಿಂದ ಮಿದುಳಿಗೆ ಹೋಗುವ ನರವನ್ನು ಕತ್ತರಿಸಿದ ಮೇಲೆ ಮತ್ತೆ ಕೂಡಿಸಿ ದೃಷ್ಟಿಯನ್ನು ತರುವ ವಿದ್ಯೆಯು ಇನ್ನೂ ಸಿದ್ಧಿಸಿಲ್ಲ. ೨೦೨೩ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ವೈದ್ಯರು ಒಬ್ಬನಿಗೆ ಮುಖಭಾಗದೊಡನೆ ಇಡೀ ಕಣ್ಣನ್ನು ಕಸಿಮಾಡಿದರು; ಕಣ್ಣು ಜೀವದಿಂದ ನಿಂತಿತು, ದೃಷ್ಟಿಯು ಬರಲಿಲ್ಲ. ಆದುದರಿಂದ ಎಲ್ಲ ಕುರುಡರಿಗೂ ನೇತ್ರದಾನವು ಮದ್ದಲ್ಲ. ನರವು ಕೆಟ್ಟವರಿಗೆ ಇದು ಫಲಿಸದು.

ಎರಡನೆಯದು, ಬದುಕಿರುವವರು ಕೊಡಬಹುದೆಂಬ ಭ್ರಮೆ. ತಾಯಿಯು ಮಗುವಿಗೆ, ಅಣ್ಣನು ತಂಗಿಗೆ ಒಂದು ಕಣ್ಣನ್ನು ಕೊಡುವೆನೆಂದು ಮುಂದೆ ಬರುವುದು ಮರುಕ ಹುಟ್ಟಿಸುವ ಸಂಗತಿ. ಆದರೆ ನೇತ್ರದಾನವು ಮರಣಾನಂತರದ್ದೇ. ಶಿಬಿಗೆ ಸತ್ಯಕ್ರಿಯೆಯಿಂದಲೂ ಕಣ್ಣಪ್ಪನಿಗೆ ಶಿವಾನುಗ್ರಹದಿಂದಲೂ ಕಣ್ಣುಗಳು ಹಿಂದಿರುಗಿದುವು. ಮನುಷ್ಯರ ವೈದ್ಯದಲ್ಲಿ ಹಿಂದಿರುಗಿಸುವ ಶಕ್ತಿಯಿಲ್ಲ. ಒಬ್ಬನನ್ನು ಕಾಣಿಸಲು ಇನ್ನೊಬ್ಬನನ್ನು ಕುರುಡುಮಾಡುವ ವೈದ್ಯವು ವೈದ್ಯವಲ್ಲ.

ಮೂರನೆಯದು, ಇದು ಮಹಾಪುರುಷರ ಕಾರ್ಯ, ಸಾಮಾನ್ಯರದಲ್ಲವೆಂಬ ಭ್ರಮೆ. ಇದು ಎಲ್ಲಕ್ಕಿಂತ ಹಾನಿಕರ. ಪ್ರಾಣವು ಹೋದ ಆರು ಗಂಟೆಗಳೊಳಗಾಗಿ ಕಣ್ಣನ್ನು ತೆಗೆಯಬೇಕು. ಅದಕ್ಕೆ ಶವವನ್ನು ಆಸ್ಪತ್ರೆಗೆ ಒಯ್ಯಬೇಕಾಗಿಲ್ಲ; ಬಲ್ಲವರು ಮನೆಗೇ ಬಂದು ಸ್ವಲ್ಪ ಹೊತ್ತಿನಲ್ಲಿ ಮುಗಿಸುವರು; ಮುಖವು ವಿಕಾರವಾಗದು. ಸುಡುವವರಿಗೂ ಹೂಳುವವರಿಗೂ ಇದರಿಂದ ಅಂತ್ಯಕ್ರಿಯೆಗೆ ಅಡ್ಡಿಯಿಲ್ಲ. ೨೦೧೧ರಲ್ಲಿ ಕಾನೂನನ್ನು ತಿದ್ದಿ, ವೈದ್ಯರೇ ಅಲ್ಲದೆ ತರಬೇತಿ ಪಡೆದ ತಂತ್ರಜ್ಞರೂ ಪಟಲವನ್ನು ತೆಗೆಯಬಹುದೆಂದು ವಿಧಿಸಲಾಗಿದೆ. ಆದರೆ ಸುರಪುರದಿಂದ ಜಿಲ್ಲಾಸ್ಥಾನವಾದ ಯಾದಗಿರಿಗೆ ಐವತ್ತು ಕಿಲೋಮೀಟರಿಗಿಂತ ಹೆಚ್ಚಿನ ದಾರಿ. ರಾಜಧಾನಿಯಂತೂ ಒಂದು ರಾತ್ರಿಯ ಪ್ರಯಾಣ. ದೂರದ ಹಳ್ಳಿಯಲ್ಲಿ ಆರು ಗಂಟೆಯ ಅವಧಿಯು ದುಃಖದಲ್ಲಿಯೇ ಕಳೆದುಹೋಗುವುದು. ಕಥೆಯನ್ನು ಬಲ್ಲ ನಾಡಿನಲ್ಲಿ ಕಾಲವನ್ನು ಬಲ್ಲವರು ಬೇಕಾಗಿದ್ದಾರೆ.

೮. ಉಪಸಂಹಾರ

ಮೇಲಣ ಪರಿಶೀಲನೆಯಿಂದ ಸಿದ್ಧವಾಗುವುದಿಷ್ಟು. ಕಣ್ಣಪ್ಪನ ಕಥೆಯು ಭಕ್ತಿಕಥೆಯೊಡನೆ ಚಿಕಿತ್ಸಾಕಥೆಯೂ ಆಗಿದೆ. ಅದರ ಚಿಕಿತ್ಸೆಯು ಸೊಪ್ಪಿನಿಂದ ಆರಂಭವಾಗಿ, ಸೊಪ್ಪು ಸೋತಮೇಲೆ ಮಾತ್ರ ಕಣ್ಣಿಗೆ ಬರುತ್ತದೆ. ಚಲಚ್ಚಿತ್ರವು ಈ ಕ್ರಮವನ್ನು ಬಿಟ್ಟು ಕೊನೆಯನ್ನು ಹಿಡಿಯಿತು. ಆ ಕೊನೆಯೇ ಜನಮನದಲ್ಲಿ ನೆಲಸಿ, ನಿಜವಾದ ನೇತ್ರದಾನಕ್ಕೆ ಹಾದಿಯನ್ನು ಮಾಡಿತು. ಹಾಗೆಯೇ ಕೆಲವು ತಪ್ಪುತಿಳಿವಳಿಕೆಗಳನ್ನೂ ಬಿತ್ತಿತು.

ರಗಳೆಯನ್ನೂ ಪುರಾಣವನ್ನೂ ಪಾಠಹೇಳುವ ಉಪಾಧ್ಯಾಯರು ಭಕ್ತಿರಸವನ್ನು ವಿವರಿಸಿದಮೇಲೆ ಒಂದು ಗಳಿಗೆ ನಿಂತು, ಬೇಡನು ಮೊದಲು ತಂದುದು ಕಾಡಿನ ಸೊಪ್ಪನ್ನೆಂದೂ, ಅವನಿಗೆ ಗಾಯದ ಮದ್ದು ತಿಳಿದಿತ್ತೆಂದೂ ಹೇಳಿದರೆ ಕಾವ್ಯಕ್ಕೆ ಊನವಾಗದು. ಸುರಪುರದ ಬೆಟ್ಟಗಳ ಕೆಳಗೆ ಕುಳಿತ ವಿದ್ಯಾರ್ಥಿಗಳಲ್ಲಿ ಆ ಸೊಪ್ಪುಗಳ ಹೆಸರನ್ನು ಮನೆಯ ಹಿರಿಯರಿಂದ ಕೇಳಿದವರು ಇದ್ದರೂ ಇರಬಹುದು. ಅವರನ್ನು ಕೇಳಿ ಆ ಹೆಸರುಗಳನ್ನು ಬರೆದಿಡುವ ಕೆಲಸವೂ, ಆರು ಗಂಟೆಗಳ ಲೆಕ್ಕವನ್ನು ಅವರ ಮನೆಗಳಿಗೆ ಮುಟ್ಟಿಸುವ ಕೆಲಸವೂ ಇನ್ನು ನಡೆಯಬೇಕಾಗಿವೆ.